ಮುಡಬಿಯವರ ಮಗಳು

ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟ ಬೇವಿನೆಲೆ ಒಣಗಿ ಪುಡಿಯಾದಾಗ ಒಂದು ಕಹಿ ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನಾನು ಹುಮನಾಬಾದಿನ ಸಾಲಿಯ ಕಟ್ಟೆಯ ಮೇಲೆ ನಿಂತಿರುತ್ತೇನೆ. ಹುಳ ಹಿಡಿಯಬಾರದೆಂದು ಮಾಸ್ತರರು ತಮ್ಮ ದಪ್ಪ ದಾಖಲೆ ಪುಸ್ತಕದೊಳಗೆ ಬೇವಿನೆಲೆ ಇಡುತ್ತಿದ್ದರು. ಈಗ ಮೊಮ್ಮಕ್ಕಳು ಅಡ್ಮಿಶನ್ ಅನ್ನುತ್ತಾರೆ. ನಮ್ಮ ಕಾಲಕ್ಕೆ ಅದು ಸಾಲಿಗೆ ಹೆಸರು ಹಚ್ಚುವುದು. ನಿಜಾಮರ ರಾಜ್ಯ, ಪಾಠವೆಲ್ಲ ಉರ್ದುವಿನಲ್ಲಿ. ಹೆಸರು ಹಚ್ಚಲು ಮಗುವಿನ ಹೆಸರು, ಅಪ್ಪನ ಹೆಸರು, ಊರು ಇಷ್ಟು ಹೇಳಿದರೆ ಆಯಿತು. ಊರಿಗೆಲ್ಲ ಸುಲಭವಾದ ಈ ಕೆಲಸ ನಮ್ಮ ಪಾಲಿಗೆ ಮಾತ್ರ ಬೆಟ್ಟವಾಗಿತ್ತು.

ನಾವಿದ್ದದ್ದು ಅವ್ವನ ತವರಿನಲ್ಲಿ. ಅಪ್ಪನ ಊರು ಮುಡಬಿ. ನಾನು ಇನ್ನೂ ತೊದಲುತ್ತಿದ್ದಾಗಲೇ ಅವನು ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದ. ಒಂದು ದೀಪಾವಳಿಗೆ ಬಂದು ಹೋದವನದು ಆಮೇಲೆ ಸುದ್ದಿಯೇ ಇಲ್ಲ. ಅಳಿಯನನ್ನು ಮನೆಯಲ್ಲಿ ಎಲ್ಲರೂ ‘ಮುಡಬಿಯವರು’ ಎನ್ನುತ್ತಿದ್ದರು. ಬರಬರುತ್ತ ಅದನ್ನೂ ಬಿಟ್ಟರು. ಅವ್ವ ಮಾತ್ರ ದಿನಾ ಬೆಳಿಗ್ಗೆ ಹಣೆ ತುಂಬ ಕುಂಕುಮವಿಟ್ಟುಕೊಳ್ಳುತ್ತಿದ್ದಳು, ಅಜ್ಜಿ ಕಂಡೂ ಕಾಣದವಳಂತೆ ಜೋಳ ಕೇರುತ್ತಿದ್ದಳು. ನನ್ನ ಸಾಲಿಯ ಮಾತು ತೆಗೆದರೆ ಸೋದರಮಾವ, “ಅಕಿ ಅಪ್ಪ ಬರ್ಲಿ, ಅವ್ರ ಹೇಳಿದ್ರ ಹಾಕೂಣು” ಎಂದು ಧೋತರ ಕೊಡವಿ ಎದ್ದುಬಿಡುತ್ತಿದ್ದ. ಹೆಸರು ಬರೆದುಕೊಳ್ಳುವ ಕೊನೆಯ ದಿನ ಮಾವ ಕಲ್ಯಾಣದ ಸಂತೆಗೆ ಹೋಗಿದ್ದ. ಅವ್ವ ನನ್ನ ತಲೆಗೆ ಎಣ್ಣೆ ತೀಡಿ, ಕೈ ಹಿಡಿದುಕೊಂಡು, ಯಾರನ್ನೂ ಕೇಳದೆ ಹೊರಟೇಬಿಟ್ಟಳು.

ಮಾಸ್ತರರು ಬಿಳಿ ಗಡ್ಡದ ಸಾಹೇಬರು, ಮೆತ್ತಗಿನ ಮಾತು. ನನ್ನ ಹೆಸರು ನೀಲವ್ವ ಎಂದೆ, ಬರೆದುಕೊಂಡರು. ಅಪ್ಪನ ಹೆಸರು ಕೇಳಿದರು. ನಾನು ಜಂಬದಿಂದ, “ಮುಡಬಿಯವರು” ಎಂದೆ. ಸಾಲಿಗೆ ಸಾಲಿಯೇ ಗೊಳ್ಳೆಂದಿತು. “ಅದು ಊರಾತಲ್ಲ ಬೇಟಿ, ನಿಮ್ಮಪ್ಪನ ಹೆಸರ ಏನು?” ಎಂದರು. ನನಗೆ ಬೇರೆ ಹೆಸರು ಗೊತ್ತಿರಲಿಲ್ಲ. ಅವರು ಬಾಗಿಲ ಮರೆಗೆ ನಿಂತಿದ್ದ ಅವ್ವನತ್ತ ತಿರುಗಿ, “ನೀವರ ಹೇಳ್ರಿ ತಾಯಿ” ಎಂದರು. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸು. ಅದೂ ಅವನು ಎಲ್ಲಿದ್ದಾನೋ ಹೇಗಿದ್ದಾನೋ ತಿಳಿಯದ ಹೊತ್ತಿನಲ್ಲಿ. “ನಾ ಹ್ಯಾಂಗ ಹೇಳಬೇಕ್ರಿ?” ಎಂದಳು. “ಹೆಸರಿಲ್ದ ನಾ ಏನ ಬರೀಲಿ? ಇವತ್ತ ಬಿಟ್ರ ಮತ್ತ ಬರೂ ವರ್ಷನಾ” ಎಂದು ಅವರು ಲೇಖನಿ ಕೆಳಗಿಟ್ಟರು. ಬರುವ ವರ್ಷ ಎಂದರೆ ನನ್ನ ಪಾಲಿಗೆ ಕಳೆ ಕೀಳುವ ಹೊಲ, ಅದರ ಮುಂದೆ ಮದುವೆ. ಅವ್ವ ಒಳಗೆ ಬಂದು ನನ್ನ ಕೈ ಹಿಡಿದಳು. ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ಮದುವೆ ಮುಂಜಿಗಳಲ್ಲಿ, ಪ್ರಾಸದ ಒಡಪು ಕಟ್ಟಿ ಹೇಳುವಾಗ ಮಾತ್ರ. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಮದುವೆ ಹಂದರದಲ್ಲಿ ನಿಂತವಳಂತೆ ರಾಗವಾಗಿ ಹೇಳಿದಳು:

“ಕಲ್ಯಾಣದ ಕ್ವಾಟಿ ಮ್ಯಾಲ ಗಿಳಿಗಳ ಸಾಲ,
ಶರಣಪ್ಪನವರ ಮಗಳ ಹೆಸರ ಬರೀರಿ ಮೊದಲ.”

ಹುಡುಗರು ಮತ್ತೆ ನಕ್ಕರು. ನನಗೆ ನಾಚಿಕೆಯಾಗಿ ಅವಳ ಕೈ ಬಿಡಿಸಿಕೊಂಡೆ. ಆ ನಾಚಿಕೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಮಾಸ್ತರರು ನಗಲಿಲ್ಲ. ಬಲದಿಂದ ಎಡಕ್ಕೆ ನಿಧಾನವಾಗಿ ಬರೆದು, ಶಾಯಿ ಆರುವವರೆಗೆ ಕಾದು ಪುಸ್ತಕ ಮುಚ್ಚಿದರು. ಅಪ್ಪನ ಹೆಸರನ್ನು ನಾನು ಕೇಳಿದ್ದು ಅಂದೇ ಮೊದಲು.

ದಾರಿಯಲ್ಲಿ ಅವ್ವ, “ಲಗೂನ ಕಲಿ, ಅವರಿಗೊಂದು ಕಾಗದ ಬರಿ” ಎಂದಳು. ಎರಡು ವರ್ಷಕ್ಕೆ ಬರೆಯುವಷ್ಟು ಕಲಿತೆ. ಲಕೋಟೆಯ ಮೇಲೆ ಗಿರಣಿಯ ವಿಳಾಸ ಬರೆದಾಗ, “ಹೆಸರ ಎಲ್ಲಿ ಅದ?” ಎಂದು ಕೇಳಿ, ಅಕ್ಷರ ಬಾರದ ಅವಳು ಅದರ ಮೇಲೆ ಬೆರಳಿಟ್ಟು ಕೂತಳು. ಉತ್ತರ ಬರಲಿಲ್ಲ. ವರ್ಷಕ್ಕೊಂದು ಬರೆದೆ, ಒಂದಕ್ಕೂ ಬರಲಿಲ್ಲ. ಅಪ್ಪನೂ ಬರಲಿಲ್ಲ. ಆ ಮನೆ, ಅಜ್ಜಿ, ಮಾವ, ಅವ್ವ ಎಲ್ಲ ಹೋಗಿ ಎಷ್ಟೋ ಕಾಲವಾಯಿತು. ಕಾಗದ ಬರೆಯುತ್ತಿದ್ದ ಆ ದಿನಗಳಲ್ಲೇ ಒಮ್ಮೆ ನಾನು ಬೇಸತ್ತು, ಇನ್ನು ಬರೆಯುವುದಿಲ್ಲ ಎಂದು ಲಕೋಟೆ ಎಸೆದಾಗ ಅವ್ವ ಅದನ್ನು ಎತ್ತಿ, ಧೂಳು ಒರೆಸಿ ನನ್ನ ಕೈಗೇ ಕೊಟ್ಟಳು.

“ಉತ್ತರ ಬರಲಿಲ್ಲಂದ್ರ ಏನಾತು? ಗಿರಣಿ ಬಾಗಲದಾಗ ಯಾರರ ಒಬ್ರು ಅವರ ಹೆಸರ ಓದಿ ಕೂಗಿರ್ತಾರಿಲ್ಲ?”