ಸದ್ದಿಲ್ಲದ ಅರವತ್ತು ಕರುಗಳು

ತಾಯಿಯಿಂದ ಅಗಲಿಸಿದ ಕರು ಮೂರು ದಿನ ಅರಚುತ್ತದೆ, ಆಮೇಲೆ ಕೆಮ್ಮುತ್ತದೆ. ಎಳೆಗರು ಕೊಂಡು, ಬೇಸಿಗೆಯಿಡೀ ಮೇಯಿಸಿ, ಮಾಂಸಕ್ಕೆ ಕೊಬ್ಬಿಸುವವರಿಗೆ ಮಾರುವ ನಮ್ಮ ಕ್ಯಾನ್ಸಸ್ ಗುಡ್ಡಗಳಲ್ಲಿ ಇದು ಗೊತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ.

ವರ್ಲೀನ್ ಸ್ಟ್ರೌಡ್‌ಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಹಾಲು ಬಿಡಿಸಿ ಒಂದೂವರೆ ತಿಂಗಳಾಗಿದೆ, ಕೆಮ್ಮಿನ ಕಾಲ ದಾಟಿದೆ ಎಂಬ ಮಾತು ನಂಬಿ ಹೋದ ವರ್ಷ ಅವಳು ತಂದ ಕರುಗಳು ಶ್ವಾಸಕೋಶದ ಜ್ವರವನ್ನು ಇಡೀ ಮಂದೆಗೆ ಹಬ್ಬಿಸಿದ್ದವು. ಸತ್ತ ಹತ್ತೊಂಬತ್ತನ್ನು ಅವಳೇ ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಎಳೆದೊಯ್ದು ಹೂತಿದ್ದಳು. ಈಗ ಮನೆಯಲ್ಲಿ ಎಂಬತ್ತು ಗಟ್ಟಿಮುಟ್ಟಾದ ಕರುಗಳಿವೆ. ಅವುಗಳ ನಡುವೆ ನೆರೆಯ ಆರಿನ್ ಟ್ಯಾಕೆಟ್‌ನಿಂದ ಕೊಳ್ಳುವ ಅರವತ್ತನ್ನು ಬಿಡಬೇಕು. ಅವನೂ ಮಾರಾಟದ ಚೀಟಿಯಲ್ಲಿ ಬರೆದುಕೊಟ್ಟಿದ್ದು ಅದೇ ಒಂದೂವರೆ ತಿಂಗಳ ಮಾತು.

ಅದಕ್ಕೇ ಕರು ಹತ್ತಿಸುವ ದಿನ, ಹೇಳದೆ ಕೇಳದೆ ಬೆಳಿಗ್ಗೆಯೇ ಅವನ ದೊಡ್ಡಿಗೆ ಬಂದಳು. ದೊಡ್ಡಿಯಲ್ಲಿ ಸದ್ದಿರಲಿಲ್ಲ. ನಮ್ಮವರು ಹಾಲು ಬಿಡಿಸಿದ ಕರುವನ್ನು ಸದ್ದು ಕೇಳಿಯೇ ಗುರುತಿಸುವವರು. ಅರಚದಿದ್ದರೆ ಸರಿ ಎಂದು ಲಾರಿಗೆ ಹತ್ತಿಸುವವರು. ಲಾರಿ ಆಗಲೇ ಬಂದು ನಿಂತಿತ್ತು. ಆರಿನ್ ಬಾಗಿಲ ಅಗುಳಿ ತೆಗೆಯಲು ಹೋದ. ಅವಳು ತಡೆದು, ಬಕೆಟ್ಟಿನಲ್ಲಿ ಹಿಂಡಿ ತಂದು ಗೋದಲಿಗೆ ಸುರಿದಳು. ಹಿಂಡಿ ತಿಂದು ರೂಢಿಯಾದ ಕರು ಬಕೆಟ್ಟಿನ ಸದ್ದಿಗೇ ಓಡಿಬರುತ್ತದೆ. ಇಲ್ಲಿ ಒಂದು ಕರುವೂ ತಿರುಗಿ ನೋಡಲಿಲ್ಲ.

"ನಿನ್ ಗಂಡನ್ನೂ ಹಿಂಗೇ ಪರೀಕ್ಷೆ ಮಾಡಿ ಕಟ್ಕೊಂಡ್ಯಾ?" ಎಂದು ಆರಿನ್ ನಕ್ಕ.

"ಮಾಡಿರ್ಲಿಲ್ಲ. ಅದಕ್ಕೇ ಈಗ ಮಾಡ್ತಿರೋದು."

ದೊಡ್ಡಿಯ ನಡುವೆ ಹುಲ್ಲು ಇನ್ನೂ ಹಸಿರಾಗಿತ್ತು. ಕರುಗಳು ತಾಯಿಯನ್ನು ಹುಡುಕಿ ಓಡಾಡುವ ಬೇಲಿಯುದ್ದಕ್ಕೂ ಮಾತ್ರ ತುಳಿದು ತುಳಿದು ಧೂಳೆದ್ದಿತ್ತು. ಅರವತ್ತು ಕರು ಒಂದೂವರೆ ತಿಂಗಳು ಇದ್ದ ಜಾಗದಲ್ಲಿ ಹುಲ್ಲು ಉಳಿಯುತ್ತದೆಯೇ? ಅಷ್ಟರಲ್ಲಿ ಬೇಲಿಯ ಬಳಿಯ ಕೆಂದಗರು ಕತ್ತು ಚಾಚಿ ಬಾಯಿ ತೆರೆಯಿತು. ಪಕ್ಕೆ ಏರಿಳಿಯಿತು, ಬರೀ ಗಾಳಿ ಹೊರಬಂತು. ಕರುಗಳು ಸುಮ್ಮನಿರಲಿಲ್ಲ, ಅರಚಿ ಅರಚಿ ಅವುಗಳ ಗಂಟಲು ಕಟ್ಟಿತ್ತು.

"ಎಷ್ಟು ದಿನ ಆಯ್ತು, ಆರಿನ್?"

ಅವನು ಲಾರಿಯ ಕಡೆ ನೋಡಿದ. "ನಾಲ್ಕು. ಎಲ್ರೂ ಹಂಗೇ ಬರ್ಕೊಡೋದು. ಹೋದ ವರ್ಷ ಸಾಯ್ದೆ ಉಳ್ದಿದ್ದನ್ನ ಮಾರಿದ್ಯಲ್ಲ, ಕೆಮ್ಮಿನ ವಿಷ್ಯ ನೀನು ಹೇಳಿದ್ಯಾ?"

ಅವಳು ಹೇಳಿರಲಿಲ್ಲ. ಕೊಂಡವನು ಕೇಳಿರಲಿಲ್ಲ, ಅಷ್ಟೇ.

ಲಾರಿಯನ್ನು ಖಾಲಿಯಾಗಿಯೇ ವಾಪಸ್ಸು ಕಳಿಸಿದಳು. ಮನೆಗೆ ಬಂದವಳೇ, ಕಳೆದ ವರ್ಷ ತನ್ನಿಂದ ಕೊಂಡವನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಈ ಸಲ ಅವಳ ಎಂಬತ್ತು ಕರುಗಳನ್ನು ಅವನು ಕೊಳ್ಳುವುದಿಲ್ಲವಂತೆ.

ಈ ವಾರ ನೀವೂ ಕರು ಮಾರುತ್ತೀರಿ. ಹಾಲು ಬಿಡಿಸಿದ್ದು ಯಾವಾಗ ಎಂದು ಯಾರೂ ಕೇಳದಿದ್ದರೂ, ನಿಜವಾದ ತಾರೀಖನ್ನೇ ಬರೆದು ಸಹಿ ಹಾಕಿ.