ಹ್ಯೂಸ್ಟನ್ ಪೆಟ್ಟಿಗೆಯ ಓಟು

ತಪ್ಪು ನನ್ನದೇ. ಮಾರ್ಚ್ ತಿಂಗಳ ಆ ಭಾನುವಾರ ಇಲ್ಲಿ ಬೇಸಿಗೆಯ ವೇಳೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡಬೇಕು. ಹದಿನೈದು ವರ್ಷದಿಂದ ಟೆಕ್ಸಸ್‌ನಲ್ಲಿರುವ ನನಗೆ ಅದು ಗೊತ್ತಿಲ್ಲವೇ? ಆದರೂ ಅಡುಗೆಮನೆಯ ಗೋಡೆ ಗಡಿಯಾರವನ್ನೇ ನಂಬಿ, ಚಿತ್ರಾನ್ನ ಕಟ್ಟಿಕೊಂಡು ಆರಾಮಾಗಿ ಹೊರಟೆ. ಹಳೇ ಕಾರಿನ ಗಡಿಯಾರವನ್ನೂ ತಿದ್ದಿರಲಿಲ್ಲ.

ಜೊತೆಗೆ ಕೂತಿದ್ದವರು ಕಾಪೆಲ್‌ನ ನಮ್ಮ ಪಕ್ಕದ ಮನೆಯಾಕೆ, ಕೊಲಂಬಿಯಾದವರು. ಅಂದು ಅವರ ದೇಶದ ಸಂಸತ್ತಿಗೆ ಚುನಾವಣೆ. ಅವರು ಓಟು ಹಾಕಬೇಕಾದದ್ದು ನಮ್ಮೂರಿಂದ ನಾಲ್ಕು ಗಂಟೆ ದಾರಿಯ ಹ್ಯೂಸ್ಟನ್‌ನಲ್ಲಿ, ಅವರ ದೇಶದ ದೂತಾವಾಸದಲ್ಲಿ, ಸಂಜೆ ನಾಲ್ಕರೊಳಗೆ. ಊರಿನಲ್ಲಿ ಅವರೊಂದಿಗೆ ಟೀಚರಾಗಿದ್ದ ಗೆಳತಿ ಸಂಸತ್ತಿನ ಮೇಲ್ಮನೆ ಸೆನೆಟ್‌ಗೆ ನಿಂತಿದ್ದರು. ಗೆಲ್ಲುವ ಮಾತೇ ಇರಲಿಲ್ಲ. ಆದರೂ ಹೋಗಲೇಬೇಕೆಂದು ಆಕೆ ಹಟ ಹಿಡಿದಿದ್ದರು. ಅವರ ಕಾರು ಕೆಟ್ಟು ನಿಂತಿತ್ತು, ಹಾಗಾಗಿ ನನ್ನದು ಹೊರಟಿತು.

ಅರ್ಧ ದಾರಿಯಲ್ಲಿ ಅವರು ಫೋನ್ ನೋಡಿ, ನನ್ನ ಮುಂದೆ ಹಿಡಿದರು. ತಲುಪುವ ಸಮಯ ಮೂರು ಐವತ್ತೆಂಟು. ನನ್ನ ಕಾರಿನ ಗಡಿಯಾರ ಫೋನಿಗಿಂತ ಒಂದು ಗಂಟೆ ಹಿಂದಿತ್ತು. ಆಕೆ ಒಂದು ಮಾತು ಬೈದಿದ್ದರೂ ಪರವಾಗಿರಲಿಲ್ಲ.

ಅಷ್ಟರಲ್ಲಿ, ಮನೆಯ ಗಡಿಯಾರ ಹಿಂದಿರುವುದನ್ನು ಕಂಡ ನಮ್ಮ ಯಜಮಾನರ ಫೋನ್. ಹುಬ್ಬಳ್ಳಿಯವರು, ಮಾತು ನೇರ.

"ನೀವು ಮುಟ್ಟೂದ್ರಾಗ ಬಾಗಲಾ ಹಾಕಿರ್ತಾರ. ಊರ ಉಸಾಬರಿ ನಿನಗ್ಯಾಕ? ತಿರುಗಿ ಬಾ."

"ಹಾಕಿದ್ರೆ ಹಾಕಿದ ಬಾಗಿಲನ್ನೇ ನೋಡ್ಕೊಂಡು ಬರ್ತೀವಿ ರೀ," ಎಂದು ಫೋನ್ ಇಟ್ಟೆ.

ಸಿಟ್ಟು ಅವರ ಮೇಲಷ್ಟೇ ಅಲ್ಲ. ಹದಿನೈದು ವರ್ಷದಲ್ಲಿ ನಾನು ಎಲ್ಲೂ ಓಟು ಹಾಕಿಲ್ಲ. ಮೈಸೂರಿಗೆ ಹೋಗಿ ಹಾಕಲು ರಜೆ ಸಿಗಲಿಲ್ಲ, ಇಲ್ಲಿ ಹಾಕಲು ಹಕ್ಕಿಲ್ಲ. ನನ್ನ ಒಂದು ಓಟಿನಿಂದ ಏನಾಗಬೇಕಿದೆ ಎಂದು ಪ್ರತಿ ಸಲವೂ ಸಮಾಧಾನ ಮಾಡಿಕೊಂಡಿದ್ದೆ. ಈಕೆಯ ಪಕ್ಕದಲ್ಲಿ ಕೂತಾಗ ಅದು ನೆನಪಾಗಿ ನಾಚಿಕೆಯಾಯಿತು. ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತಿತು.

ಪಾರ್ಕಿಂಗ್ ಹುಡುಕಲಿಲ್ಲ. ದೂತಾವಾಸದ ಬಾಗಿಲೆದುರೇ ನಿಲ್ಲಿಸಿ "ಓಡಿ" ಎಂದೆ. ಅರವತ್ತು ದಾಟಿದವರು, ಗುರುತಿನ ಚೀಟಿ ಎತ್ತಿ ಹಿಡಿದು ಓಡಿದರು. ಕಾವಲಿನವನು ಅವರನ್ನು ಒಳಗೆ ಬಿಟ್ಟು, ಹಿಂದೆಯೇ ಬಾಗಿಲು ಹಾಕಿಕೊಂಡ.

ಗೆಳತಿ ಸೋತರು. ಕೆಲವು ದಿನಗಳ ಮೇಲೆ ಪಕ್ಕದ ಮನೆಯಾಕೆ ಫೋನ್ ಹಿಡಿದು ನಮ್ಮ ಮನೆಗೆ ಬಂದರು. ಅದರಲ್ಲಿ ಪೆಟ್ಟಿಗೆವಾರು ಎಣಿಕೆಯ ಹಾಳೆಯಿತ್ತು. ಹ್ಯೂಸ್ಟನ್‌ನಲ್ಲಿ ಅವರು ಓಟು ಹಾಕಿದ ಪೆಟ್ಟಿಗೆಯ ಲೆಕ್ಕದಲ್ಲಿ, ಗೆಳತಿಯ ಹೆಸರಿನ ಮುಂದೆ ಒಂದು ಎಂದಿತ್ತು.

ಯಜಮಾನರು ಬಗ್ಗಿ ನೋಡಿದರು. "ಬರೇ ಒಂದ?"

"ಹೂಂ, ಒಂದು," ಎಂದೆ. "ನಿಮ್ಮ ಮಾತು ಕೇಳಿ ತಿರುಗಿ ಬಂದಿದ್ರೆ ಅಲ್ಲಿ ಸೊನ್ನೆ ಇರ್ತಿತ್ತು."