ಎಡಗೈ ಕಟ್ಟಿಕೊಳ್ಳುವ ತೊರಿಬಿಯಾ

ಬೆಟ್ಟದ ಮೇಲಿನ ಎಲ್ ಆಲ್ತೊ ಊರಿನ ಗುರುವಾರದ ಸಂತೆಗೆ ಇನ್ನೂ ಬೆಳಕು ಹರಿದಿಲ್ಲ. ಲಾರಿಯಿಂದ ಇಳಿಸಿದ ಹಳೆಯ ಕಂಪ್ಯೂಟರುಗಳ ರಾಶಿಯ ಮುಂದೆ ತೊರಿಬಿಯಾ ಚುಕಿಮಿಯಾ ಕುಕ್ಕರಗಾಲಲ್ಲಿ ಕೂತಿದ್ದಾರೆ. ಸುತ್ತಲಿನವರು ಟಾರ್ಚು ಬಿಟ್ಟುಕೊಂಡು ಕೈಗೆ ಸಿಕ್ಕಿದ್ದನ್ನು ಬಾಚಿಕೊಳ್ಳುತ್ತಿದ್ದರೆ ಇವರು ಒಂದೊಂದನ್ನೂ ಮೂಸಿ ನೋಡುತ್ತಾರೆ. ಸುಟ್ಟ ವಾಸನೆ ಬಂದರೆ ಮುಟ್ಟುವುದಿಲ್ಲ. ದಪ್ಪ ಗಾಜಿನ ಹಳೇ ಮಾನಿಟರು ಕಂಡರೆ ಮಾತ್ರ ಅವರ ಮುಖ ಬಿಳಿಚಿಕೊಳ್ಳುತ್ತದೆ. ಹುಡುಕಿ ಬಂದದ್ದೂ ಅದನ್ನೇ, ಹೆದರುವುದೂ ಅದಕ್ಕೇ.

"ಪ್ಲಗ್ ಕಿತ್ರೆ ಕರೆಂಟು ಹೋಯ್ತು ಅಂದ್ಕೋತಾರೆ ಜನ. ಎಲ್ಲಿ ಹೋಗತ್ತೆ? ಗಾಜಿನೊಳಗೆ ಹೊಂಚು ಹಾಕ್ಕೊಂಡು ಕೂತಿರತ್ತೆ," ಎನ್ನುತ್ತಾರೆ.

ಕೆಳಗಿನ ಲಾ ಪಾಸ್ ನಗರದಿಂದ ಇವರನ್ನು ಹುಡುಕಿಕೊಂಡು ಬರುವವರು ಒಂದು ಕಾಲದಲ್ಲಿ ಶಾಲೆ ತಪ್ಪಿಸಿ 'ತಿಲೀನ್' ಎನ್ನುವ ಆಟದಂಗಡಿಗಳಲ್ಲಿ ಕಾಸು ಕೊಟ್ಟು ವಿಡಿಯೋ ಗೇಮ್ ಆಡಿದವರು. ಈಗ ತಲೆ ನರೆತಿದೆ, ಚಪಲ ಹೋಗಿಲ್ಲ. ಅದೇ ಹಳೇ ಯಂತ್ರ, ಅದೇ ಮಂಕು ಬಣ್ಣ ಬೇಕು ಅವರಿಗೆ. ಆಡಿ ನೋಡದೆ ತೊರಿಬಿಯಾ ಯಾವುದನ್ನೂ ಮಾರುವುದಿಲ್ಲ. ಹೊಂಡಗಳನ್ನು ಹಾರುತ್ತ ಓಡುವ ಪುಟ್ಟ ಮನುಷ್ಯನ ಆಟವೊಂದಿದೆ, ಅದರಲ್ಲೇ ಎಲ್ಲ ಪರೀಕ್ಷೆ. ಆದರೆ ಅವನನ್ನು ಬಯಲಿನಲ್ಲೇ ಹಾರಿಸಿ ನೋಡುತ್ತಾರೆ. ಹೊಂಡ ಬಂದರೆ ನಿಲ್ಲಿಸಿಬಿಡುತ್ತಾರೆ. ಆಟದಲ್ಲೂ ಒಬ್ಬ ಬೀಳುವುದನ್ನು ನೋಡಲಾರರು ಈ ಹೆಂಗಸು.

ಈ ಕಸುಬು ಅವರ ಗಂಡ ಎಲೆಉತೇರಿಯೊನದಾಗಿತ್ತು. ಹೆದರಿಕೆ ಎಂದರೆ ಏನೆಂದೇ ಗೊತ್ತಿಲ್ಲದ ಆಸಾಮಿ. ಇಂಥದೇ ಒಂದು ಬೆಳಗಿನ ಜಾವ ಮಾನಿಟರಿನ ಬೆನ್ನು ಬಿಚ್ಚಿ ಎರಡೂ ಕೈ ಒಳಗೆ ಹಾಕಿದ. "ಕಿರುಚಲೇ ಇಲ್ಲ. ಸುಮ್ನೆ ನಿಂತ್ಬಿಟ್ಟ. ಕಾಣ್ತಾ ಇಲ್ವೇನೋ ಅಂತ ನಾನು ಟಾರ್ಚ್ ಇನ್ನೂ ಹತ್ರ ಹಿಡಿದೆ," ಎನ್ನುತ್ತಾರೆ ತೊರಿಬಿಯಾ.

ಸತ್ತವನ ಸೊಂಟದಿಂದ ಬಿಚ್ಚಿಕೊಂಡ ಕೆಂಪು ನೇಯ್ಗೆಯ ಪಟ್ಟಿ ಇಂದಿಗೂ ಇವರ ಬಳಿ ಇದೆ. ಮಾನಿಟರು ಬಿಚ್ಚುವ ಮುನ್ನ ಅದರಿಂದ ಎಡಗೈಯನ್ನು ಬೆನ್ನಿಗೆ ಕಟ್ಟಿಸಿಕೊಳ್ಳುತ್ತಾರೆ. ಒಂದೇ ಕೈ ಒಳಗಿದ್ದರೆ ಕರೆಂಟು ಎದೆ ದಾಟಿ ಇನ್ನೊಂದು ಕೈಗೆ ಹರಿಯುವುದಿಲ್ಲವೆಂಬ ಲೆಕ್ಕ. ಪಕ್ಕದ ಗುಜರಿ ಅಂಗಡಿಯ ದೋನ್ ಗುಮೆರ್ಸಿಂದೊ ಇವರಿಗೆ 'ಅರ್ಧ ಮೇಸ್ತ್ರಿ' ಎಂದು ಹೆಸರಿಟ್ಟಿದ್ದಾನೆ. ಸಂತೆಗೆ ಸಂತೆಯೇ ಹಾಗೆ ಕರೆಯುತ್ತದೆ.

ಈಚೆಗೆ ಚಳಿಗೆ ಇವರ ಬೆರಳುಗಳು ಸೊಟ್ಟಗಾಗಿವೆ, ಸ್ಕ್ರೂಡ್ರೈವರ್ ನಿಲ್ಲುವುದಿಲ್ಲ. ಆದ್ದರಿಂದ ಇವತ್ತು ಮೊದಲ ಬಾರಿಗೆ ಮಗಳು ನಾಯ್ರಾ ಮಾನಿಟರು ಬಿಚ್ಚುತ್ತಾಳೆ. ಮಗಳದು ಅಪ್ಪನದೇ ನಗು, ಅಪ್ಪನದೇ ಅವಸರ. ನಿನ್ನೆಯಿಂದ ತಾಯಿಯ ಗಂಟಲಲ್ಲಿ ಕೂಳು ಇಳಿದಿಲ್ಲ.

ರಾತ್ರಿಯ ಇಬ್ಬನಿ ಒಳಗೆಲ್ಲ ಆರಲಿ ಎಂದು ಬಿಸಿಲು ಬೀಳುವವರೆಗೆ ಕಾದು ಮಾನಿಟರು ಹಚ್ಚುತ್ತಾರೆ. ಚಿತ್ರ ಮೇಲಿಂದ ಕೆಳಗೆ ಉರುಳತೊಡಗುತ್ತದೆ. ಬಿಚ್ಚಲೇಬೇಕು. ಪ್ಲಗ್ ಕಿತ್ತು, ತೊರಿಬಿಯಾ ಪಟ್ಟಿ ಹಿಡಿದು ಬರುತ್ತಾರೆ.

"ಅವ್ವಾ, ನಾನೇನು ದನಾನಾ ಕಟ್ಹಾಕೋಕೆ?"

"ಹೂಂ ಕಣೆ, ದನಾನೇ. ತಿರುಗು."

"ಆ ಹುಡುಗೀನಾದ್ರೂ ಬಿಡು ದೋನ್ಯಾ ತೊರಿಬಿಯಾ! ಪೂರ್ತಿ ಮೇಸ್ತ್ರಿ ಆಗ್ಲಿ," ಎಂದು ಗುಮೆರ್ಸಿಂದೊ ಜೋಳದ ಬಿಸಿ ಗಂಜಿ ಆಪಿ ಹೀರುತ್ತಾ ಕೂಗುತ್ತಾನೆ.

ನಾಯ್ರಾ ನಕ್ಕು, ಕೈ ಕಟ್ಟಿಸಿಕೊಳ್ಳದೆ ಮಾನಿಟರಿನ ಬೆನ್ನಿನ ಮುಚ್ಚಳ ತೆಗೆದೇಬಿಡುತ್ತಾಳೆ. ಒಳಗುಳಿದ ಕರೆಂಟನ್ನು ಇಳಿಸಲು ಅರ್ತಿಂಗ್ ತಂತಿ ಸಿಕ್ಕಿಸಿದ ಸ್ಕ್ರೂಡ್ರೈವರನ್ನು ಬಲಗೈಯಲ್ಲಿ ಹಿಡಿದು ಗಾಜಿನ ಮೇಲಿನ ರಬ್ಬರ್ ಬಟ್ಟಲಿನ ಅಡಿಗೆ ತೂರಿಸುತ್ತಾಳೆ. ಆಯ ತಪ್ಪದಿರಲೆಂದು ಎಡಗೈ ತಾನಾಗಿಯೇ ಒಳಗಿನ ಲೋಹದ ಚೌಕಟ್ಟಿನತ್ತ ಚಾಚುತ್ತದೆ. ತೊರಿಬಿಯಾರ ಬೆರಳಿಗೆ ಹಿಡಿತವಿಲ್ಲ. ಎರಡೂ ಅಂಗೈಗಳ ನಡುವೆ ಮಗಳ ಮಣಿಕಟ್ಟನ್ನು ಅಮುಕಿ ಹಿಂದಕ್ಕೆ ಎಳೆಯುತ್ತಾರೆ.

"ಬಿಡವ್ವಾ, ಥೂ!"

ಚಟ್! ನೀಲಿ ಕಿಡಿ ಹಾರುತ್ತದೆ. ಪಟಾಕಿ ಸಿಡಿದಂಥ ಸದ್ದಿಗೆ ಗುಮೆರ್ಸಿಂದೊನ ಆಪಿ ಅಂಗಿಯ ಮೇಲೆ ಚೆಲ್ಲುತ್ತದೆ. ನಾಯ್ರಾ ತನ್ನ ಎಡಗೈಯನ್ನೇ ನೋಡುತ್ತಾಳೆ, ಆಮೇಲೆ ತಾಯಿ ಎಳೆಯದಿದ್ದರೆ ಅದು ಇರುತ್ತಿದ್ದ ಜಾಗವನ್ನು.

"ಇನ್ನೊಂದ್ಸಲ ಮುಟ್ಟಿಸ್ಬೇಕು. ಪೂರ್ತಿ ಹೋಗಿರಲ್ಲ ಅದು," ಎನ್ನುತ್ತಾರೆ ತಾಯಿ.

ನಾಯ್ರಾ ಸ್ಕ್ರೂಡ್ರೈವರ್ ಕೆಳಗಿಟ್ಟು, ಬೆನ್ನು ತಿರುಗಿಸಿ, ಎಡಗೈ ಹಿಂದಕ್ಕೆ ಕೊಡುತ್ತಾಳೆ. "ಕಟ್ಟವ್ವಾ. ಗಟ್ಟಿಯಾಗಿ."

ತೊರಿಬಿಯಾರಿಂದ ಗಂಟು ಹಾಕಲಾಗುವುದಿಲ್ಲ. ಗುಮೆರ್ಸಿಂದೊನೇ ಎದ್ದು ಬಂದು ಗಂಟಿನ ಮೇಲೆ ಗಂಟು ಬಿಗಿಯುತ್ತಾನೆ.

ಬಿಟ್ಟುಕೊಂಡಿದ್ದ ಬೆಸುಗೆಯನ್ನು ಒಂಟಿಗೈಯಲ್ಲಿ ಸರಿಮಾಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿದೆ. ಚಿತ್ರ ಈಗ ಅಲುಗಾಡದೆ ನಿಂತಿದೆ. ಕೈ ಬಿಚ್ಚಿಸಿಕೊಳ್ಳುವುದನ್ನೂ ಮರೆತು ನಾಯ್ರಾ ಒಂದೇ ಕೈಯಲ್ಲಿ ಪುಟ್ಟ ಮನುಷ್ಯನನ್ನು ಓಡಿಸುತ್ತಾಳೆ, ಬಯಲಿನಲ್ಲಿ ಹಾರಿಸುತ್ತಾಳೆ. ಹೊಂಡ ಬಂದೊಡನೆ ಅವಳ ಬೆರಳು ನಿಲ್ಲುತ್ತದೆ.

"ನೀನಂತೂ ಪುಕ್ಕಲಿ. ಮಗಳನ್ನೂ ಹಾಗೇ ಮಾಡ್ಬಿಟ್ಟೆಯಲ್ಲ ದೋನ್ಯಾ," ಎನ್ನುತ್ತಾನೆ ಗುಮೆರ್ಸಿಂದೊ. ದನಿಯಲ್ಲಿ ಮೊದಲಿನ ಕುಹಕವಿಲ್ಲ.

ನಿನ್ನೆಯಿಂದ ಉಪವಾಸವಿದ್ದ ತೊರಿಬಿಯಾ ಮೊದಲ ಬಾರಿಗೆ ಆಪಿಯ ಲೋಟ ಕೈಗೆತ್ತಿಕೊಳ್ಳುತ್ತಾರೆ.

"ಹೂಂ. ನೋಡ್ದೆ ತಾನೇ? ನನ್ನ ಮಗಳು ಹೆದರೋದು ಕಲಿತ್ಲು."